ಸೀನಿಯರ್ ಗೇಮ್‌ಪ್ಲೇ ಪ್ರೋಗ್ರಾಮರ್ ಕೆಲಸ: ಒಂದು ಜಂಪ್ ಹಿಡಿದು ಹೊರಟರೆ

ಗೇಮ್ ಸ್ಟುಡಿಯೋದಲ್ಲಿ ಪ್ರೋಗ್ರಾಮರ್‌ಗಳು ಹಲವು ಬಗೆ. ಗ್ರಾಫಿಕ್ಸ್ ನೋಡುವವರು ಬೇರೆ, ಎಂಜಿನ್ ನೋಡುವವರು ಬೇರೆ, ಸರ್ವರ್ ನೋಡುವವರು ಬೇರೆ. ಆಡುವವರು ಬಟನ್ ಒತ್ತಿದಾಗ ಪಾತ್ರ ಓಡುವುದು, ಹಾರುವುದು, ಏಟು ಕೊಡುವುದು, ಶತ್ರು ಎದ್ದು ಬರುವುದು, ಕ್ಯಾಮೆರಾ ಹಿಂದೆ ಸುತ್ತುವುದು, ಇಷ್ಟೂ ಗೇಮ್‌ಪ್ಲೇ ಪ್ರೋಗ್ರಾಮರ್ ಪಾಲಿನ ಕೆಲಸ.

ಕೆಲವು ವರ್ಷ ಈ ಕೆಲಸ ಮಾಡಿ ಈಗ ಸೀನಿಯರ್ ಆದವರಿಗೆ, ಇನ್ನೇನು ಆಗಲಿರುವವರಿಗೆ ಈ ಲೇಖನ. ಬೆಂಗಳೂರಿಗೆ ಗೇಮ್ ಕೆಲಸ ಹೊಸದೇನಲ್ಲ. ಧ್ರುವ ಇಂಟರ್‌ಆಕ್ಟಿವ್ ಇಲ್ಲಿ ಶುರುವಾಗಿದ್ದು 1997ರಲ್ಲಿ. 2019ರಲ್ಲಿ ಜಿಟಿಎ ಆಟಗಳನ್ನು ಮಾಡುವ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೋ ಜೊತೆ ಸೇರಿಸಿಕೊಂಡಿತು. ಆದರೆ ಹೊರದೇಶದಿಂದ ನಮಗೆ ಬರುತ್ತಿದ್ದ ಕೆಲಸದಲ್ಲಿ ಬಹಳ ಕಾಲ ಆರ್ಟ್ ಕೆಲಸದ್ದೇ ದೊಡ್ಡ ಪಾಲು. ಹಾಗಾಗಿ ಪಕ್ಕದಲ್ಲಿ ಕೂತು ಗೇಮ್‌ಪ್ಲೇ ಕೋಡ್ ಹೇಳಿಕೊಡುವ ಹಿರಿಯರು ಸಿಗುವುದು ಇವತ್ತಿಗೂ ಸುಲಭವಿಲ್ಲ.

ಸೀನಿಯರ್ ಅಂದರೆ ಎಲ್ಲರಿಗಿಂತ ಕಷ್ಟದ ಕೋಡ್ ಬರೆಯುವವರು ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ನೋಡುವುದು ಬೇರೆಯದನ್ನು. ಟೀಮಿನಲ್ಲಿ ಯಾರಿಗೋ ಒಂದು ಐಡಿಯಾ ಹೊಳೆಯುತ್ತದೆ. ಅದನ್ನು ಕೈಯಲ್ಲಿ ಹಿಡಿದು ಆಡಿ ನೋಡೋದಕ್ಕೆ ಎಷ್ಟು ಹೊತ್ತು ಬೇಕು? ಒಂದು ವಾರವೋ, ಒಂದು ಗಂಟೆಯೋ? ಆ ಹೊತ್ತನ್ನು ಇಳಿಸುವುದೇ ಸೀನಿಯರ್ ಕೆಲಸ. ಒಂದು ಸಾದಾ ಜಂಪ್ ಇಟ್ಟುಕೊಂಡು ಇದನ್ನು ಹಂತ ಹಂತವಾಗಿ ನೋಡೋಣ.

1. ದೂರನ್ನು ಬಿಡಿಸಿ ಕೇಳಿ

ಡಿಸೈನರ್ ಬಂದು "ಜಂಪ್ ಯಾಕೋ ಭಾರ ಅನ್ಸ್ತಿದೆ" ಅನ್ನುತ್ತಾರೆ. ತಕ್ಷಣ ಕೀಬೋರ್ಡಿಗೆ ಕೈ ಹಾಕಬೇಡಿ. ಈ ಒಂದು ಮಾತಿನ ಹಿಂದೆ ಕಡಿಮೆ ಅಂದರೂ ನಾಲ್ಕು ಬೇರೆ ಬೇರೆ ಕಾರಣ ಇರಬಹುದು. ಬಟನ್ ಒತ್ತಿದ ಮೇಲೆ ಪಾತ್ರ ನೆಲ ಬಿಡುವುದು ತಡವಾಗುತ್ತಿರಬಹುದು. ಮೇಲೆ ಹೋಗುವ ವೇಗ ಸಾಲದೆ ಇರಬಹುದು. ಹಾರುವ ಮುಂಚೆ ಮಂಡಿ ಬಗ್ಗಿಸುವ ಅನಿಮೇಶನ್ ಉದ್ದವಾಗಿರಬಹುದು. ಪಾತ್ರ ಸರಿಯಾಗಿಯೇ ಹಾರುತ್ತಿದ್ದು, ಕ್ಯಾಮೆರಾ ಹಿಂದುಳಿಯುತ್ತಿರಬಹುದು.

ಇದನ್ನು ಪತ್ತೆ ಮಾಡಲು ದುಬಾರಿ ಉಪಕರಣ ಬೇಡ. ಫೋನಿನ ಸ್ಲೋ ಮೋಶನ್ ಸಾಕು. ಸೆಕೆಂಡಿಗೆ 240 ಫ್ರೇಮ್, ಅಂದರೆ 240 ಚಿತ್ರ ತೆಗೆಯುವ ಮೋಡ್‌ನಲ್ಲಿ ಒಂದೊಂದು ಫ್ರೇಮ್ ಸುಮಾರು 4.2 ಮಿಲಿಸೆಕೆಂಡ್. ಹೆಬ್ಬೆರಳು ಮತ್ತು ಪರದೆ ಎರಡೂ ಕಾಣುವ ಹಾಗೆ ಹಿಡಿದು ಶೂಟ್ ಮಾಡಿ. ಬಟನ್ ತಳ ಮುಟ್ಟಿದ ಫ್ರೇಮಿನಿಂದ ಪಾತ್ರ ಅಲುಗಿದ ಫ್ರೇಮಿನವರೆಗೆ ಎಣಿಸಿ. 30 ಫ್ರೇಮ್ ಬಂದರೆ 125 ಮಿಲಿಸೆಕೆಂಡ್ ಆಯ್ತು. ಟಿವಿಯನ್ನು ಗೇಮ್ ಮೋಡ್‌ನಲ್ಲಿಟ್ಟು (ಚಿತ್ರ ತೋರಿಸುವ ತಡವನ್ನು ಇಳಿಸುವ ಸೆಟ್ಟಿಂಗ್ ಅದು) ಇನ್ನೊಮ್ಮೆ ಅಳೆಯಿರಿ. ಎಷ್ಟೋ ಸಲ ದೂರಿನ ಅರ್ಧ ಭಾಗ ಮೀಟಿಂಗ್ ರೂಮಿನ ಟಿವಿಯದ್ದೇ ಆಗಿರುತ್ತದೆ.

ಅಳತೆ ಕೈಯಲ್ಲಿದ್ದರೆ ಮಾತುಕತೆಯ ದಾರಿಯೇ ಬದಲಾಗುತ್ತದೆ. "ನಂಗೆ ಸರಿ ಅನ್ಸುತ್ತೆ, ನಿಮಗೆ ಅನ್ಸಲ್ಲ" ಅನ್ನುವ ಜಗ್ಗಾಟ ನಿಂತು, ಮಂಡಿ ಬಗ್ಗಿಸುವ ಅನಿಮೇಶನ್‌ನಲ್ಲಿ ಎಷ್ಟು ಫ್ರೇಮ್ ಕತ್ತರಿಸೋಣ ಅನ್ನುವ ಕೆಲಸದ ಮಾತು ಶುರುವಾಗುತ್ತದೆ.

2. ಡಿಸೈನರ್‌ಗೆ ತಿಳಿಯುವ ಅಂಕಿಗಳನ್ನು ಕೊಡಿ

ಜಂಪ್ ಕೋಡ್‌ನಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ: ಮೊದಲ ವೇಗ ಮತ್ತು ಗುರುತ್ವ. ಇವೆರಡನ್ನೇ ಡಿಸೈನರ್ ಮುಂದೆ ಇಟ್ಟರೆ ಅವರು ಕತ್ತಲಲ್ಲಿ ತಡಕಾಡಬೇಕು. ಒಂದನ್ನು ಮುಟ್ಟಿದರೆ ಎತ್ತರವೂ ಬದಲಾಗುತ್ತದೆ, ಸಮಯವೂ ಬದಲಾಗುತ್ತದೆ. ಅವರ ತಲೆಯಲ್ಲಿ ಇರುವುದು ಬೇರೆ: ಎಷ್ಟು ಎತ್ತರ ಹಾರಬೇಕು, ತುದಿ ಮುಟ್ಟಲು ಎಷ್ಟು ಹೊತ್ತು ಬೇಕು. ಹಾಗಾದರೆ ಅವನ್ನೇ ಕೊಡಿ, ಉಳಿದದ್ದನ್ನು ಕೋಡ್ ಲೆಕ್ಕ ಹಾಕಲಿ.

ಲೆಕ್ಕ ಪಿಯುಸಿ ಭೌತಶಾಸ್ತ್ರದ್ದು. ಎತ್ತರದ ಎರಡರಷ್ಟನ್ನು ಸಮಯದಿಂದ ಭಾಗಿಸಿದರೆ ಮೊದಲ ವೇಗ. ಅದನ್ನು ಇನ್ನೊಮ್ಮೆ ಸಮಯದಿಂದ ಭಾಗಿಸಿದರೆ ಗುರುತ್ವ. 3 ಮೀಟರ್ ಎತ್ತರವನ್ನು 0.4 ಸೆಕೆಂಡಿನಲ್ಲಿ ಮುಟ್ಟಬೇಕು ಅಂದರೆ ವೇಗ ಸೆಕೆಂಡಿಗೆ 15 ಮೀಟರ್, ಗುರುತ್ವ 37.5. ಭೂಮಿಯ ಗುರುತ್ವ 9.8. ಅಂದರೆ ನಮ್ಮ ಆಟದ ಲೋಕದಲ್ಲಿ ಸುಮಾರು ನಾಲ್ಕು ಪಟ್ಟು! ಹೌದು, ಹಾಗೇ ಇರಬೇಕು. ನಿಜವಾದ ಗುರುತ್ವ ಇಟ್ಟು 3 ಮೀಟರ್ ಹಾರಿಸಿದರೆ ಮೇಲೆ ಹೋಗಿ ಕೆಳಗೆ ಬರಲು ಒಂದೂವರೆ ಸೆಕೆಂಡಿಗೂ ಜಾಸ್ತಿ ಬೇಕು. ಪಾತ್ರ ಬಲೂನಿನ ಥರ ತೇಲುತ್ತದೆ.

ಕೆಳಗೆ ಬೀಳುವಾಗಿನ ಗುರುತ್ವವನ್ನು ಬೇರೆಯಾಗಿ ಇಡಿ. ಅದು ಸ್ವಲ್ಪ ಜಾಸ್ತಿ ಇದ್ದರೆ ನೆಲಕ್ಕೆ ಬರುವುದು ಗಟ್ಟಿಯಾಗಿ ಅನಿಸುತ್ತದೆ. ಬಟನ್ ಬೇಗ ಬಿಟ್ಟರೆ ಜಂಪ್ ಗಿಡ್ಡವಾಗುವ ವ್ಯವಸ್ಥೆಯನ್ನೂ ಈಗಲೇ ಹಾಕಿಬಿಡಿ. ಲೆವೆಲ್‌ಗಳು ತಯಾರಾದ ಮೇಲೆ ಸೇರಿಸಲು ಹೋದರೆ ಎಲ್ಲಾ ಅಂತರವನ್ನೂ ಮತ್ತೆ ಅಳೆಯಬೇಕಾಗುತ್ತದೆ.

3. ಫ್ರೇಮ್ ರೇಟ್ ಬದಲಾದರೂ ಆಟ ಬದಲಾಗಬಾರದು

ಈ ಹಂತವನ್ನು ನಿಧಾನವಾಗಿ ಓದಿ. ಜೂನಿಯರ್‌ಗಳ ಕೋಡ್‌ನಲ್ಲಿ ನೀವು ಜಾಸ್ತಿ ಹುಡುಕಬೇಕಾದ ತಪ್ಪು ಇದೇ.

ಪ್ರತಿ ಫ್ರೇಮಿನಲ್ಲಿ ಮೊದಲು ವೇಗದಿಂದ ಗುರುತ್ವ ಕಳೆಯುವುದು, ಆಮೇಲೆ ಆ ವೇಗದಿಂದ ಪಾತ್ರವನ್ನು ಸರಿಸುವುದು. ಎಲ್ಲರೂ ಬರೆಯುವ ಎರಡು ಸಾಲು ಇದು. ಫ್ರೇಮಿನ ಕಾಲವನ್ನೂ ಸರಿಯಾಗಿ ಗುಣಿಸಿರುತ್ತಾರೆ. ಆದರೂ ಮೇಲಿನ ಜಂಪ್ 3 ಮೀಟರ್ ಮುಟ್ಟುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ ಓಡಿದರೆ 2.875 ಮೀಟರ್‌ಗೆ ನಿಲ್ಲುತ್ತದೆ. 30 ಫ್ರೇಮ್ ಓಡಿದರೆ 2.75ಕ್ಕೆ. ಮಧ್ಯದ ವ್ಯತ್ಯಾಸ ಹನ್ನೆರಡೂವರೆ ಸೆಂಟಿಮೀಟರ್. ಲೆವೆಲ್ ಡಿಸೈನರ್ ತಮ್ಮ ಒಳ್ಳೆಯ ಕಂಪ್ಯೂಟರಿನಲ್ಲಿ ಆಡಿ 2.8 ಮೀಟರ್ ಎತ್ತರದಲ್ಲಿ ಒಂದು ಕಟ್ಟೆ ಇಡುತ್ತಾರೆ. ಕಡಿಮೆ ಬೆಲೆಯ ಫೋನಿನಲ್ಲಿ ಆಡುವ ಹುಡುಗ ಆ ಕಟ್ಟೆಯನ್ನು ಎಂದಿಗೂ ಹತ್ತಲಾರ. ಎಷ್ಟು ಸಲ ಹಾರಿದರೂ ಅಷ್ಟೇ. ತನಗೆ ಆಟ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾನೆ.

ಪರಿಹಾರ ಎರಡು. ಒಂದು, ಫ್ರೇಮಿನ ಶುರುವಿನ ವೇಗ ಮತ್ತು ಕೊನೆಯ ವೇಗ ಎರಡರ ಸರಾಸರಿಯಿಂದ ಪಾತ್ರವನ್ನು ಸರಿಸುವುದು. ಗುರುತ್ವ ಒಂದೇ ಸಮ ಇರುವಾಗ ಇದು ಎರಡೂ ಕಡೆ ಸರಿಯಾಗಿ 3 ಮೀಟರ್ ಕೊಡುತ್ತದೆ. ಎರಡು, ಚಲನೆಯ ಲೆಕ್ಕವನ್ನೆಲ್ಲ ನಿಗದಿತ ಹೆಜ್ಜೆಯಲ್ಲಿ ಓಡಿಸುವುದು. ಯೂನಿಟಿ ಅನ್ನುವ ಗೇಮ್ ಎಂಜಿನ್‌ನಲ್ಲಿ ಇದಕ್ಕೆಂದೇ ಇರುವ ಫಿಕ್ಸೆಡ್ ಅಪ್‌ಡೇಟ್ ತಾನಾಗಿಯೇ 0.02 ಸೆಕೆಂಡಿಗೆ ಒಮ್ಮೆ ಓಡುತ್ತದೆ, ಅಂದರೆ ಸೆಕೆಂಡಿಗೆ 50 ಸಲ. ಪರದೆ 60ರಲ್ಲಿ ಓಡುತ್ತಿದ್ದರೆ ಎರಡೂ ತಾಳೆಯಾಗದೆ ಪಾತ್ರ ಸಣ್ಣಗೆ ತೊದಲಿದ ಹಾಗೆ ಕಾಣುತ್ತದೆ. ಇಂಟರ್‌ಪೊಲೇಶನ್ ಹಾಕಿ, ಅಂದರೆ ಎರಡು ಹೆಜ್ಜೆಗಳ ನಡುವಿನ ಜಾಗವನ್ನು ಲೆಕ್ಕ ಹಾಕಿ ಪಾತ್ರವನ್ನು ಅಲ್ಲಿ ತೋರಿಸಿ. ಇನ್ನೊಂದು ಎಚ್ಚರಿಕೆ: ಬಟನ್ ಒತ್ತಿದ್ದನ್ನು ಫಿಕ್ಸೆಡ್ ಅಪ್‌ಡೇಟ್ ಒಳಗೆ ಓದಬೇಡಿ, ಕೆಲವು ಒತ್ತುಗಳು ಕಳೆದೇ ಹೋಗುತ್ತವೆ. ಸಾಮಾನ್ಯ ಅಪ್‌ಡೇಟ್‌ನಲ್ಲಿ ಓದಿ, ಬರೆದಿಟ್ಟುಕೊಂಡು, ನಿಗದಿತ ಹೆಜ್ಜೆಯಲ್ಲಿ ಬಳಸಿ.

ಕ್ಯಾಮೆರಾದಲ್ಲೂ ಇದೇ ಕಥೆ. "ಪ್ರತಿ ಫ್ರೇಮ್ ಗುರಿಯ ಕಡೆಗೆ ಹತ್ತು ಪರ್ಸೆಂಟ್ ಸರಿ" ಅಂತ ಬರೆದರೆ ಅರ್ಧ ಸೆಕೆಂಡ್ ಆದಮೇಲೆ 60 ಫ್ರೇಮಿನ ಯಂತ್ರದಲ್ಲಿ ದೂರದ ಸುಮಾರು 4 ಪರ್ಸೆಂಟ್ ಮಾತ್ರ ಉಳಿದಿರುತ್ತದೆ. 30 ಫ್ರೇಮಿನ ಯಂತ್ರದಲ್ಲಿ 20 ಪರ್ಸೆಂಟ್ ಉಳಿದಿರುತ್ತದೆ. ಒಂದೇ ಆಟ, ಎರಡು ಬೇರೆ ಕ್ಯಾಮೆರಾ. ಇಲ್ಲಿ ಫ್ರೇಮ್ ಎಣಿಸದೆ ಕಳೆದ ಸಮಯವನ್ನು ನೋಡುವ ಎಕ್ಸ್‌ಪೊನೆನ್ಷಿಯಲ್ ಲೆಕ್ಕ ಬಳಸಿ. ಒಂದೇ ಸಾಲು. ಅದನ್ನು ಎಲ್ಲರೂ ಬಳಸುವ ಲೈಬ್ರರಿಯಲ್ಲಿ ಒಂದು ಫಂಕ್ಷನ್ ಮಾಡಿಟ್ಟುಬಿಡಿ.

ಪರೀಕ್ಷೆ ಸುಲಭ. ಬಿಲ್ಡ್‌ನಲ್ಲಿ (ಆಡಲು ತಯಾರಾದ ಆವೃತ್ತಿಯಲ್ಲಿ) 20, 30, 60, 144 ಫ್ರೇಮಿಗೆ ಮಿತಿ ಹಾಕುವ ಒಂದು ಶಾರ್ಟ್‌ಕಟ್ ಕೀ ಇಡಿ. ಹೊಸ ಫೀಚರ್ ಬಂದಾಗೆಲ್ಲ ನಾಲ್ಕರಲ್ಲೂ ಆಡಿ.

4. ಆಡುವವರ ಪರ ನಿಲ್ಲಿ

ಆಡುವವರು ಅಂಚಿನಿಂದ ಹಾರಲು ಬಟನ್ ಒತ್ತುತ್ತಾರೆ. ಕೋಡ್ ಪ್ರಕಾರ ಆಗಲೇ ಕಾಲು ಅಂಚು ದಾಟಿ ಎರಡು ಫ್ರೇಮ್ ಆಗಿದೆ. ಜಂಪ್ ಆಗುವುದಿಲ್ಲ. ಕೋಡ್ ಸರಿ, ಆಟ ತಪ್ಪು.

ಇದರ ಪರಿಹಾರಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ: ನೆಲ ಬಿಟ್ಟ ಮೇಲೂ ಒಂದಿಷ್ಟು ಹೊತ್ತು ಹಾರಲು ಬಿಡುವುದು. ಇದರ ಜೊತೆಯದು ಜಂಪ್ ಬಫರ್: ನೆಲ ಮುಟ್ಟುವ ಸ್ವಲ್ಪ ಮುಂಚೆ ಒತ್ತಿದರೂ ನೆನಪಿಟ್ಟುಕೊಂಡು, ಮುಟ್ಟಿದ ಕ್ಷಣ ಹಾರಿಸುವುದು. 2018ರಲ್ಲಿ ಬಂದ ಸೆಲೆಸ್ಟ್ ಆಟವನ್ನು ಕಷ್ಟದ ಆಟ ಅಂತಲೇ ಎಲ್ಲರೂ ಹೇಳುತ್ತಾರೆ. ಆದರೆ ಅದರೊಳಗೆ ಇಂಥ ದಯೆ ತುಂಬಾ ಇದೆ. ಅದರ ಪಾತ್ರದ ಕೋಡನ್ನು ತಂಡದವರೇ ಗಿಟ್‌ಹಬ್‌ನಲ್ಲಿ ಹಾಕಿದ್ದಾರೆ. ನೆಲ ಬಿಟ್ಟ ಮೇಲಿನ ರಿಯಾಯಿತಿ 0.1 ಸೆಕೆಂಡ್. ಹಾರುವಾಗ ತಲೆ ಮೂಲೆಗೆ ತಗುಲಿದರೆ 4 ಪಿಕ್ಸೆಲ್‌ವರೆಗೆ ಪಕ್ಕಕ್ಕೆ ಸರಿಸಿ ಮೇಲೆ ಬಿಡುತ್ತದೆ. ಬಟನ್ ಹಿಡಿದೇ ಇದ್ದರೆ ತುದಿಯಲ್ಲಿ ಗುರುತ್ವ ಅರ್ಧ ಆಗುತ್ತದೆ, ಎಲ್ಲಿ ಇಳಿಯಬೇಕು ಅಂತ ನೋಡಿಕೊಳ್ಳಲು ಒಂದು ಉಸಿರಿನಷ್ಟು ಸಮಯ ಸಿಗುತ್ತದೆ. ಈ ಕೋಡನ್ನು ಒಂದು ಸಂಜೆ ಕೂತು ಪೂರ್ತಿ ಓದಿ ಅಂತ ಎಲ್ಲರಿಗೂ ಹೇಳುತ್ತೇನೆ.

ಡಿಸೈನರ್ ಇವನ್ನು ಕೇಳುವವರೆಗೆ ಕಾಯಬೇಡಿ. ನೀವೇ ಮಾಡಿ ತೋರಿಸಿ, ಆನ್ ಆಫ್ ಮಾಡುವ ಸ್ವಿಚ್ ಕೊಡಿ. ಎರಡನ್ನೂ ಆಡಿ ನೋಡಿದ ಮೇಲೆ ಯಾರೂ ಆಫ್ ಮಾಡಲು ಒಪ್ಪುವುದಿಲ್ಲ.

5. ಆಟ ನಿಲ್ಲಿಸದೆ ಅಂಕಿ ಬದಲಾಯಿಸುವ ದಾರಿ ಮಾಡಿ

ನಿಮ್ಮ ಸಮಯದಲ್ಲಿ ಒಂದು ದೊಡ್ಡ ಪಾಲನ್ನು ಇಲ್ಲಿ ಹಾಕಿ. ಇದಕ್ಕಿಂತ ಜಾಸ್ತಿ ಲಾಭ ಕೊಡುವ ಕೆಲಸ ನನಗೆ ಗೊತ್ತಿಲ್ಲ.

ಸಾರು ಒಲೆಯ ಮೇಲೆ ಇರುವಾಗಲೇ ಉಪ್ಪು ನೋಡಬೇಕು ಅಲ್ವಾ? ಜಂಪ್ ಎತ್ತರವೂ ಹಾಗೇ. ಡಿಸೈನರ್ ಒಂದು ಅಂಕಿ ಬದಲಿಸಿ, ಬಿಲ್ಡ್‌ಗೆ ಕಾದು, ಲೆವೆಲ್ ಲೋಡ್ ಮಾಡಿ, ಅದೇ ಜಾಗಕ್ಕೆ ಓಡಿಹೋಗಿ ಹಾರುವಷ್ಟರಲ್ಲಿ ಹಿಂದಿನ ಜಂಪ್ ಹೇಗಿತ್ತು ಅನ್ನುವುದೇ ಮರೆತಿರುತ್ತದೆ. ಆಗ ಅವರು ದಿನಕ್ಕೆ ನಾಲ್ಕೈದು ಸಲ ಮಾತ್ರ ಪ್ರಯತ್ನಿಸುತ್ತಾರೆ. ಸ್ಲೈಡರ್ ಎಳೆದ ತಕ್ಷಣ ಜಂಪ್ ಬದಲಾದರೆ ನೂರು ಸಲ ಪ್ರಯತ್ನಿಸುತ್ತಾರೆ. ಒಳ್ಳೆಯ ಆಟ ಬರುವುದು ಆ ನೂರರಿಂದ.

ಕಡಿಮೆ ಅಂದರೂ ಇಷ್ಟು ಇರಲಿ. ಓಡುತ್ತಿರುವ ಆಟದಲ್ಲೇ ಅಂಕಿ ಬದಲಿಸಿ, ಇಷ್ಟವಾದರೆ ಉಳಿಸುವ ಪ್ಯಾನೆಲ್. ಪಾತ್ರವನ್ನು ಬೇಕಾದ ಜಾಗಕ್ಕೆ ಎತ್ತಿಡುವ ಕೀ. ಆಟವನ್ನು ಕಾಲು ವೇಗಕ್ಕೆ ಇಳಿಸುವ, ಒಂದೊಂದೇ ಫ್ರೇಮ್ ಮುಂದೆ ತಳ್ಳುವ ಕೀ. ಹಾರಿದ ದಾರಿಯನ್ನು ಪರದೆಯ ಮೇಲೆ ಗೆರೆಯಾಗಿ ಬಿಡಿಸುವ ವ್ಯವಸ್ಥೆ. ಆ ಗೆರೆಯಲ್ಲಿ ಬಟನ್ ಒತ್ತಿದ ಜಾಗಕ್ಕೆ ಒಂದು ಬಣ್ಣದ ಚುಕ್ಕೆ, ಕೋಡ್ ಅದನ್ನು ಒಪ್ಪಿಕೊಂಡ ಜಾಗಕ್ಕೆ ಇನ್ನೊಂದು ಬಣ್ಣದ ಚುಕ್ಕೆ. ಈ ಎರಡು ಚುಕ್ಕೆಗಳ ಮಧ್ಯದ ಅಂತರ ನೋಡಿದರೆ ಅರ್ಧದಷ್ಟು ಬಗ್‌ಗಳು ಕಣ್ಣಿಗೇ ಕಾಣುತ್ತವೆ.

ಆಗಿಬರುವುದಾದರೆ ಬಟನ್‌ಗಳನ್ನೆಲ್ಲ ರೆಕಾರ್ಡ್ ಮಾಡಿ ಮತ್ತೆ ಓಡಿಸುವುದನ್ನೂ ಸೇರಿಸಿ. 1993ರ ಡೂಮ್ ಆಟವೇ ಹೀಗೆ ಮಾಡುತ್ತಿತ್ತು. ಸೆಕೆಂಡಿಗೆ 35 ನಿಗದಿತ ಹೆಜ್ಜೆ, ಪ್ರತಿ ಹೆಜ್ಜೆಯಲ್ಲಿ ಒತ್ತಿದ್ದು ಏನು ಅಂತ ಮಾತ್ರ ಫೈಲ್‌ನಲ್ಲಿ ಬರೆದಿಡುತ್ತಿತ್ತು. ಅದೇ ಒತ್ತುಗಳನ್ನು ಮತ್ತೆ ಕೊಟ್ಟರೆ ಅದೇ ಆಟ ಮತ್ತೆ ನಡೆಯುತ್ತಿತ್ತು. ಟೆಸ್ಟರ್ "ಒಂದು ಸಲ ಗೋಡೆಯೊಳಗೆ ಸಿಕ್ಕಿಕೊಂಡೆ, ಮತ್ತೆ ಆಗ್ತಿಲ್ಲ" ಅಂದಾಗ ಇಂಥ ಫೈಲ್ ಇದ್ದರೆ ಎಷ್ಟೋ ದಿನದ ಹುಡುಕಾಟ ಉಳಿಯುತ್ತದೆ.

6. ಕೋಡ್ ಅಂದಕ್ಕೆ ಒಂದು ಮಿತಿ ಇರಲಿ

ಪಾತ್ರದ ಕೋಡಿಗೆ ಸ್ಟೇಟ್ ಮಷೀನ್ ಸಾಕು, ಅಂದರೆ ಪಾತ್ರ ಒಂದು ಹೊತ್ತಿಗೆ ಒಂದೇ ಸ್ಥಿತಿಯಲ್ಲಿ ಇರುವ ವ್ಯವಸ್ಥೆ: ನಿಂತಿದೆ, ಓಡುತ್ತಿದೆ, ಗಾಳಿಯಲ್ಲಿದೆ, ಹತ್ತುತ್ತಿದೆ. ಯಾವುದರಿಂದ ಯಾವುದಕ್ಕೆ ಹೋಗಬಹುದು ಅನ್ನುವುದು ಒಂದೇ ಜಾಗದಲ್ಲಿ ಇರಲಿ. ಸೆಲೆಸ್ಟ್ ಪಾತ್ರದ ಕೋಡ್ ಒಂದೇ ಫೈಲ್, ಐದು ಸಾವಿರಕ್ಕೂ ಹೆಚ್ಚು ಸಾಲು. ಅದನ್ನು ನೋಡಿ ಮೂಗು ಮುರಿದವರೂ ಇದ್ದಾರೆ. ಒಬ್ಬಿಬ್ಬರು ಮುಟ್ಟುವ ಕೋಡಿಗೆ ಅದು ನಡೆಯುತ್ತದೆ. ಹತ್ತು ಜನ ಒಂದೇ ಫೈಲ್ ಮುಟ್ಟುವ ಟೀಮಿನಲ್ಲಿ ಎಲ್ಲರ ಬದಲಾವಣೆಗಳನ್ನು ಒಂದುಗೂಡಿಸುವಾಗ ದಿನಾ ಮರ್ಜ್ ಜಗಳ ಆಗುತ್ತದೆ, ಆಗ ಒಡೆಯಿರಿ. ನಿಮ್ಮ ಟೀಮ್ ಎಷ್ಟು ದೊಡ್ಡದು ಅನ್ನುವುದರ ಮೇಲೆ ತೀರ್ಮಾನ ಮಾಡಿ.

ಪ್ರೋಟೋಟೈಪ್ ಕೋಡ್ ಬಗ್ಗೆ ಮಾತ್ರ ಖಡಕ್ ಆಗಿರಿ. ಬರೆಯುವ ದಿನವೇ "ಇದು ಬಿಸಾಡೋ ಕೋಡ್" ಅಂತ ಪ್ರೊಡ್ಯೂಸರ್‌ಗೆ ಹೇಳಿ, ಮತ್ತೆ ಬರೆಯಲು ಬೇಕಾದ ದಿನಗಳನ್ನು ಪ್ಲ್ಯಾನ್‌ನಲ್ಲಿ ಹಾಕಿಸಿ. ಮಾತಿನಲ್ಲಿ ಬಿಟ್ಟರೆ ಅದೇ ಕೋಡ್ ಆಟದ ಜೊತೆ ಮಾರುಕಟ್ಟೆಗೆ ಹೋಗುತ್ತದೆ.

ಅನ್‌ರಿಯಲ್ ಎಂಜಿನ್ ಬಳಸುವವರಿಗೆ ಒಂದು ಮಾತು. ಸಿ ಪ್ಲಸ್ ಪ್ಲಸ್ ಕೋಡ್ ಮತ್ತು ಬ್ಲೂಪ್ರಿಂಟ್ (ಡಬ್ಬಿಗಳನ್ನು ಗೆರೆಯಿಂದ ಜೋಡಿಸಿ ಪ್ರೋಗ್ರಾಮ್ ಮಾಡುವ ವಿಧಾನ) ಮಧ್ಯದ ಗೆರೆಯನ್ನು ಮೊದಲ ವಾರದಲ್ಲೇ ಎಳೆಯಿರಿ. ಲೆಕ್ಕ, ಪ್ರತಿ ಫ್ರೇಮ್ ಓಡುವ ಕೆಲಸ, ನೆಟ್‌ವರ್ಕ್ ಇವು ಕೋಡ್‌ನಲ್ಲಿ. ಯಾವಾಗ ಯಾವ ಸದ್ದು, ಯಾವ ಬಾಗಿಲು, ಯಾವ ಎಫೆಕ್ಟ್ ಇವು ಬ್ಲೂಪ್ರಿಂಟ್‌ನಲ್ಲಿ. ಡಿಸೈನರ್‌ಗೆ ನಿಮ್ಮನ್ನು ಕೇಳದೆ ಮುಟ್ಟುವ ಜಾಗ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು.

7. ಮಿಲಿಸೆಕೆಂಡ್ ಲೆಕ್ಕ

60 ಫ್ರೇಮ್ ಅಂದರೆ ಒಂದು ಫ್ರೇಮಿಗೆ 16.67 ಮಿಲಿಸೆಕೆಂಡ್. 30 ಅಂದರೆ 33.3. ಇದರಲ್ಲಿ ಅನಿಮೇಶನ್, ಫಿಸಿಕ್ಸ್, ಗ್ರಾಫಿಕ್ಸ್, ಸದ್ದು ಎಲ್ಲಕ್ಕೂ ಪಾಲು ಬೇಕು. ಗೇಮ್‌ಪ್ಲೇ ಪಾಲು ಎಷ್ಟು ಅಂತ ಪ್ರಾಜೆಕ್ಟಿನ ಶುರುವಿನಲ್ಲೇ ಲೀಡ್ ಹತ್ತಿರ ಬರೆಸಿಕೊಳ್ಳಿ.

ಊಹೆಯ ಮೇಲೆ ಕೋಡ್ ವೇಗ ಮಾಡಲು ಹೋಗಬೇಡಿ, ಯಾವ ಕೋಡ್ ಎಷ್ಟು ಸಮಯ ತಿನ್ನುತ್ತಿದೆ ಅಂತ ಅಳೆಯುವ ಪ್ರೊಫೈಲರ್ ತೋರಿಸಿದ ಕಡೆ ಹೋಗಿ. ಒಂದು ಉದಾಹರಣೆ. 200 ಶತ್ರುಗಳು, ಪ್ರತಿಯೊಬ್ಬರೂ ಪ್ರತಿ ಫ್ರೇಮ್ "ಆಟಗಾರ ಕಾಣ್ತಿದ್ದಾನಾ" ಅಂತ ರೇಕಾಸ್ಟ್ ಹಾಕುತ್ತಿದ್ದಾರೆ, ಅಂದರೆ ಆಟಗಾರನ ಕಡೆಗೆ ಒಂದು ಕಾಣದ ಗೆರೆ ಎಳೆದು ನಡುವೆ ಏನಾದರೂ ಅಡ್ಡ ಇದೆಯಾ ನೋಡುತ್ತಿದ್ದಾರೆ ಅಂದುಕೊಳ್ಳಿ. ಫ್ರೇಮಿಗೆ ಹತ್ತು ಜನರ ಹಾಗೆ ಸರದಿ ಮಾಡಿ. ಒಬ್ಬೊಬ್ಬರ ಸರದಿ 20 ಫ್ರೇಮಿಗೆ ಒಮ್ಮೆ, ಅಂದರೆ 60 ಫ್ರೇಮಿನ ಆಟದಲ್ಲಿ ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಒಮ್ಮೆ ಬರುತ್ತದೆ. ಮನುಷ್ಯರೂ ಗಮನಿಸಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಹಾಗಾಗಿ ಶತ್ರು ಇನ್ನೂ ಸಹಜವಾಗಿಯೇ ಕಾಣುತ್ತಾನೆ.

ಯೂನಿಟಿಯಲ್ಲಿ ಪ್ರತಿ ಫ್ರೇಮ್ ಹೊಸ ಮೆಮೊರಿ ಕೇಳುವ ಕೋಡ್ ಮೇಲೆ ಕಣ್ಣಿಡಿ. ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್ ಎದ್ದಾಗ ಆಟ ಒಂದು ಕ್ಷಣ ಎಡವುತ್ತದೆ. ಫೋನ್ ಆಟವಾದರೆ ಪರೀಕ್ಷೆಯನ್ನು ಫೋನ್ ಬಿಸಿಯಾದ ಮೇಲೆ ಮಾಡಿ. ಮೊದಲ ಐದು ನಿಮಿಷ ಎಲ್ಲಾ ಫೋನೂ ಚೆನ್ನಾಗಿ ಓಡುತ್ತದೆ. ಬಿಸಿಯಾದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮ ಜನ ಆಡುವುದು ಏಪ್ರಿಲ್ ಬಿಸಿಲಿನಲ್ಲಿ, ಬಸ್ಸಿನ ಕಿಟಕಿ ಪಕ್ಕ ಕೂತು ಕೂಡ.

8. ಆನ್‌ಲೈನ್ ಆಟವಾದರೆ

ಮಲ್ಟಿಪ್ಲೇಯರ್ ಇದೆ ಅಂದರೆ ಜಂಪ್‌ನ ಮೊದಲ ಸಾಲು ಬರೆಯುವಾಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಆಮೇಲೆ ಸೇರಿಸುವುದು ಹೆಚ್ಚುಕಡಿಮೆ ಮತ್ತೆ ಬರೆಯುವುದೇ. ಪದ್ಧತಿ ಹಳೆಯದು, 1996ರ ಕ್ವೇಕ್‌ವರ್ಲ್ಡ್‌ನಿಂದಲೂ (ಕ್ವೇಕ್ ಆಟದ ಆನ್‌ಲೈನ್ ಆವೃತ್ತಿ) ಇದೆ: ಬಟನ್ ಒತ್ತಿದ ತಕ್ಷಣ ನಿಮ್ಮ ಯಂತ್ರ ತಾನೇ ಪಾತ್ರವನ್ನು ಹಾರಿಸುತ್ತದೆ, ಸರ್ವರ್‌ನ ಉತ್ತರ ಬಂದಾಗ ತಾಳೆ ನೋಡಿ ತಿದ್ದಿಕೊಳ್ಳುತ್ತದೆ. ತಿದ್ದುವಾಗ ನಡುವೆ ಒತ್ತಿದ್ದನ್ನೆಲ್ಲ ಮತ್ತೆ ಓಡಿಸಬೇಕು. ಹಾಗಾಗಿ ಕಯೋಟಿ ಟೈಮ್, ಜಂಪ್ ಬಫರ್ ಇವುಗಳ ಲೆಕ್ಕವೂ ಹಿಂದಕ್ಕೆ ಹೋಗಿ ಬರುವ ಹಾಗಿರಬೇಕು. ಇದನ್ನು ಮರೆತರೆ ಅಂಚಿನಲ್ಲಿ ಹಾರಿದ ಪಾತ್ರ ಜಗ್ಗಿದ ಹಾಗೆ ವಾಪಸ್ ಬರುತ್ತದೆ. ಆಫೀಸಿನ ನೆಟ್ ಮೇಲೆ ಇದು ಕಾಣುವುದೇ ಇಲ್ಲ. 150 ಮಿಲಿಸೆಕೆಂಡ್ ತಡ, 2 ಪರ್ಸೆಂಟ್ ಪ್ಯಾಕೆಟ್ ನಷ್ಟ (ನೆಟ್‌ನಲ್ಲಿ ಕಳಿಸಿದ ಡೇಟಾ ತುಣುಕು ದಾರಿಯಲ್ಲಿ ಕಳೆದುಹೋಗುವುದು) ಕೃತಕವಾಗಿ ಹಾಕಿಕೊಂಡೇ ದಿನಾ ಕೆಲಸ ಮಾಡಿ.

9. ಜನರ ಜೊತೆ

ನಿಮ್ಮ ದಿನದ ಅರ್ಧ ಬೇರೆಯವರ ಕೋಡ್, ಬೇರೆಯವರ ಪ್ರಶ್ನೆಗಳಲ್ಲಿ ಹೋಗುತ್ತದೆ. ಅದು ವ್ಯರ್ಥ ಅಂದುಕೊಂಡರೆ ಈ ಕೆಲಸ ಬೇಸರವಾಗುತ್ತದೆ.

ಕೋಡ್ ರಿವ್ಯೂ ಮಾಡುವ ಮುಂಚೆ ಆ ಬದಲಾವಣೆಯನ್ನು ನಿಮ್ಮ ಯಂತ್ರದಲ್ಲಿ ಹಾಕಿಕೊಂಡು ಆಡಿ. ಗೇಮ್‌ಪ್ಲೇ ಕೋಡನ್ನು ಓದಿ ಮಾತ್ರ ಒಪ್ಪಬಾರದು. ಜೂನಿಯರ್‌ಗೆ ಸುಮ್ನೆ ಸಣ್ಣ ಬಗ್‌ಗಳನ್ನೇ ಕೊಡುತ್ತಾ ಇರಬೇಡಿ. ಬಾಗಿಲು ತೆರೆಯುವಷ್ಟು ಚಿಕ್ಕ ಫೀಚರ್ ಆದರೂ ಪರವಾಗಿಲ್ಲ, ಡಿಸೈನರ್ ಜೊತೆ ಮಾತಾಡುವುದರಿಂದ ಹಿಡಿದು ಟೆಸ್ಟರ್‌ಗೆ ಒಪ್ಪಿಸುವವರೆಗೆ ಪೂರ್ತಿ ಅವರದ್ದೇ ಆಗಿರಲಿ. ಅವರು ಸಿಕ್ಕಿಹಾಕಿಕೊಂಡಾಗ ಕೀಬೋರ್ಡ್ ಕಿತ್ತುಕೊಂಡು ನೀವೇ ಬರೆಯಬೇಡಿ. ಪಕ್ಕದಲ್ಲಿ ಕೂತು, ಕೋಡನ್ನು ನಡುವೆ ನಿಲ್ಲಿಸಿ ನೋಡುವ ಬ್ರೇಕ್‌ಪಾಯಿಂಟ್ ಎಲ್ಲಿ ಹಾಕುತ್ತೀರಿ ಅಂತ ಕೇಳಿ.

ಎಷ್ಟು ದಿನ ಬೇಕು ಅಂತ ಕೇಳಿದಾಗ ಒಂದೇ ಅಂಕಿ ಹೇಳಬೇಡಿ. "ಆಡಿ ನೋಡುವ ಸ್ಥಿತಿಗೆ ಎರಡು ದಿನ, ಆಟದಲ್ಲಿ ಕೊಡುವ ಸ್ಥಿತಿಗೆ ಮೂರು ವಾರ" ಅಂತ ಎರಡು ಹೇಳಿ. ಇದರಿಂದ ಪ್ರೊಡ್ಯೂಸರ್‌ಗೆ ಎರಡು ದಿನ ಆದಮೇಲೆ ಬೇಡ ಅನ್ನುವ ಅವಕಾಶ ಸಿಗುತ್ತದೆ. ಬೇಡ ಅಂದ ಫೀಚರ್‌ಗೆ ಬೇಜಾರಾಗಬೇಡಿ, ಮೂರು ವಾರ ಉಳಿಯಿತು.

ರಾತ್ರಿಯೆಲ್ಲ ಕೂತು ಮುಗಿಸುವ ಅಭ್ಯಾಸ ನಮ್ಮ ಉದ್ಯಮದಲ್ಲಿ ಆಳವಾಗಿದೆ. ಸೀನಿಯರ್ ಹನ್ನೊಂದು ಗಂಟೆಯವರೆಗೆ ಕೂತರೆ, ಜೂನಿಯರ್‌ಗಳು ಯಾರೂ ಹೇಳದಿದ್ದರೂ ಕೂರುತ್ತಾರೆ. ಎದ್ದು ಮನೆಗೆ ಹೋಗಿ. ಕೆಲಸ ಜಾಸ್ತಿಯಾಗಿದೆ ಅಂದರೆ ಲಿಸ್ಟ್ ಹಿಡಿದು ಪ್ರೊಡ್ಯೂಸರ್ ಹತ್ತಿರ ಹೋಗಿ, ಇದರಲ್ಲಿ ಯಾವುದು ಬಿಡೋಣ ಅಂತ ಕೇಳಿ. ಆ ಮಾತು ಜೂನಿಯರ್ ಬಾಯಲ್ಲಿ ಬರುವುದು ಕಷ್ಟ. ನಿಮ್ಮ ಬಾಯಲ್ಲಿ ಬರಬೇಕು.

10. ಬಿಡುಗಡೆ ಹತ್ತಿರ ಬಂದಾಗ

ಕೊನೆಯ ವಾರಗಳಲ್ಲಿ ಜಂಪ್ ಕೋಡನ್ನು ಮುಟ್ಟುವುದು ಅಪಾಯ. ಗುರುತ್ವ ಒಂದು ಚೂರು ಬದಲಾದರೂ ಎಲ್ಲಾ ಲೆವೆಲ್ ಮತ್ತೆ ಟೆಸ್ಟ್ ಆಗಬೇಕು. ಪ್ರತಿ ಬಗ್‌ಗೂ ಎರಡು ಪ್ರಶ್ನೆ ಕೇಳಿ: ಇದು ಇದ್ದರೆ ಆಡುವವರಿಗೆ ಎಷ್ಟು ನೋವು, ತಿದ್ದಲು ಹೋದರೆ ಇನ್ನೇನು ಮುರಿಯಬಹುದು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಮೂವರಿಗೂ ಅವರವರ ಸರ್ಟಿಫಿಕೇಶನ್ ಪರೀಕ್ಷೆ ಇದೆ. ಆಡುತ್ತಿರುವಾಗ ಕಂಟ್ರೋಲರ್ ಕಳಚಿಕೊಂಡರೆ ಆಟ ನಿಲ್ಲುತ್ತದಾ, ಕನ್ಸೋಲ್ ನಿದ್ದೆಗೆ ಹೋಗಿ ಎದ್ದರೆ ಏನಾಗುತ್ತದೆ, ಇಂಥ ವಿಷಯಗಳನ್ನು ಬಿಡುಗಡೆಗೆ ತಿಂಗಳುಗಳ ಮುಂಚೆಯೇ ನೋಡಿಕೊಳ್ಳಿ.

ಈ ಕೆಲಸ ಹುಡುಕುತ್ತಿರುವವರಿಗೆ

ಇಂಟರ್‌ವ್ಯೂನಲ್ಲಿ ವೆಕ್ಟರ್ ಗಣಿತ ಕೇಳಿಯೇ ಕೇಳುತ್ತಾರೆ. ಶತ್ರು ನನ್ನ ಮುಂದೆ ಇದ್ದಾನಾ ಹಿಂದೆ ಇದ್ದಾನಾ ಅನ್ನುವುದಕ್ಕೆ ಡಾಟ್ ಪ್ರಾಡಕ್ಟ್, ಎಡಕ್ಕಾ ಬಲಕ್ಕಾ ಅನ್ನುವುದಕ್ಕೆ ಕ್ರಾಸ್ ಪ್ರಾಡಕ್ಟ್. ಬಾಯಿಪಾಠ ಬೇಡ, ಕಾಗದದ ಮೇಲೆ ಗೆರೆ ಎಳೆದು ವಿವರಿಸಲು ಬರಬೇಕು.

ಪೋರ್ಟ್‌ಫೋಲಿಯೋಗೆ ಅರ್ಧಂಬರ್ಧ ಹತ್ತು ಆಟಗಳಿಗಿಂತ ಒಂದು ಪುಟ್ಟ ಕೋಣೆ, ಅದರಲ್ಲಿ ಚೆನ್ನಾಗಿ ಓಡಿ ಹಾರುವ ಒಂದು ಪಾತ್ರ ಮೇಲು. ಪಾತ್ರ ಬರೀ ಚೌಕದ ಡಬ್ಬಿ ಆದರೂ ಸರಿ. ಪಕ್ಕದಲ್ಲಿ ಟ್ಯೂನ್ ಮಾಡುವ ಪ್ಯಾನೆಲ್ ಇರಲಿ, ಹಾರಿದ ದಾರಿಯ ಗೆರೆ ಮೂಡಲಿ, ಫ್ರೇಮ್ ರೇಟ್ ಬದಲಿಸುವ ಕೀ ಇರಲಿ. ವಿಡಿಯೋ ಒಂದು ನಿಮಿಷ ದಾಟದಿರಲಿ, ಲೋಗೋ ಹಾಕಿ ಸಮಯ ಕಳೆಯದೆ ಮೊದಲ ಸೆಕೆಂಡಿನಿಂದಲೇ ಆಟ ಕಾಣಲಿ. ಜೊತೆಗೆ ಬ್ರೌಸರ್‌ನಲ್ಲೇ ಆಡಬಹುದಾದ ಬಿಲ್ಡ್ ಕೊಡಿ. ಕೆಲಸಕ್ಕೆ ತೆಗೆದುಕೊಳ್ಳುವವರು ಅದನ್ನು ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಜಂಪ್ ಬಟನ್ ಒತ್ತುವುದು.